ಮೀಸೆಯವರ ಮಗಳ ಲೋಗೋ

"ಯಜಮಾನರನ್ನ ಕಳಿಸಿ ಅಂದಿದ್ದೆ ನಾನು!"

ಮುಚ್ಚಿದ ಬಾಗಿಲಿನ ಆಚೆಯಿಂದ ಬಂದ ಮೊದಲ ಮಾತೇ ಇದು.

ಬಾಗಿಲಿನ ಈಚೆ, ಸಲಕರಣೆ ಪೆಟ್ಟಿಗೆ ಹೊತ್ತು ಮೂರು ಮಹಡಿ ಹತ್ತಿ ಬಂದವಳ ಕಿವಿ ಕೆಂಪಾಯಿತು. ಅರ್ಧ ಮೆಟ್ಟಿಲಿನಿಂದ, ಅರ್ಧ ಮಾತಿನಿಂದ.

"ಯಜಮಾನರು ಕೆಲಸ ಬಿಟ್ಟು ಎರಡು ವರ್ಷ ಆಯ್ತು. ಈಗ ಅಂಗಡಿ ನಂದು."

"ಬೋರ್ಡ್ ಮೇಲೆ ಮೀಸೆ ಇದೆಯಲ್ಲ?"

"ಮೀಸೆ ಅಪ್ಪಂದು, ಕೈ ನಂದು. ನಿಮಗೆ ಬಾಗಿಲು ತೆಗೀಬೇಕಾ, ಮೀಸೆ ನೋಡ್ಬೇಕಾ?"

ಒಳಗೆ ಹೆಜ್ಜೆ ಅತ್ತಿಂದಿತ್ತ ಸರಿದಾಡಿತು. ನಿಜಕ್ಕೂ ಯೋಚಿಸುತ್ತಿದ್ದಾನೇನೋ!

"...ಬಾಗಿಲು."

ಅವಳು ಮಂಡಿಯೂರಿ ಬೀಗದ ತೂತಿಗೆ ಕಣ್ಣಿಟ್ಟಳು. ಅತ್ತ ಕಡೆಯಿಂದ ಇನ್ನೊಂದು ಕಣ್ಣು ಇವಳನ್ನೇ ನೋಡುತ್ತಿತ್ತು.

ಕಂದು ಕಣ್ಣು. ಉದ್ದ ರೆಪ್ಪೆ. ಅಳಬೇಕೋ ಬೇಡವೋ ಎಂದು ಮೂರು ಗಂಟೆ ಕಾಲ ತೀರ್ಮಾನವಾಗದೆ ಒದ್ದಾಡಿದ ಕಣ್ಣು.

ಎಲ್ಲೋ 'ಟಕ್' ಎಂದಿತು. ಬೀಗಗಳ ಸದ್ದು ಕೇಳಿಕೊಂಡೇ ಬೆಳೆದವಳು ಅವಳು. ಯಾವ ಸದ್ದು ಎಲ್ಲಿಂದ ಬಂತೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲಳು. ಇದು ಬಾಗಿಲಿನಿಂದ ಬಂದದ್ದಾಗಿರಲಿಲ್ಲ.

"ಕಣ್ಣು ಪಕ್ಕಕ್ಕಿಡಿ," ಎಂದಳು. "ಕಡ್ಡಿ ಹಾಕ್ಬೇಕು."

ಕಣ್ಣು ಮಾಯವಾಯಿತು. ಬೀಗದ ಪಕ್ಕದಲ್ಲೇ ಕಾಗದ ಪತ್ರ ಹಾಕಲೆಂದು ಒಂದು ಉದ್ದ ಕಿಂಡಿಯಿತ್ತು. ಅದರ ಮುಚ್ಚಳ ಮೆಲ್ಲಗೆ ಮೇಲೆದ್ದು, ಈ ಬಾರಿ ಎರಡು ಕಣ್ಣು ಕಾಣಿಸಿದವು. ಅವಳು ಗಮನಿಸಲಿಲ್ಲ. ಬೀಗ ತೆಗೆಯುವ ಕಡ್ಡಿ ಕೈಗೆ ಬಂದರೆ ಅವಳಿಗೆ ಪ್ರಪಂಚ ಇರುವುದಿಲ್ಲ.

ತಲೆ ಓರೆ ಮಾಡಿದಳು. ಕೇಳಿಸಿಕೊಂಡಳು.

ಹನ್ನೊಂದೇ ಸೆಕೆಂಡು. ಬಾಗಿಲು ತೆರೆಯಿತು!

ಎದುರಿಗೆ ಕಿವಿ ಮೇಲೆ ಬ್ರಶ್ ಸಿಕ್ಕಿಸಿಕೊಂಡ, ಮೂಗಿನ ಮೇಲೆ ನೀಲಿ ಬಣ್ಣ ಬಳಿದುಕೊಂಡ ಒಬ್ಬ ಮನುಷ್ಯ. ಅವಳನ್ನು ನೋಡುತ್ತಾ, ಥ್ಯಾಂಕ್ಸ್ ಹೇಳುವುದನ್ನೂ ಮರೆತು ನಿಂತಿದ್ದ.

"ಕೀಲಿಕೈ ಎಲ್ಲಿ?" ಎಂದಳು.

"ಬ್ರಶ್ ತೊಳೆಯೋ ಮಗ್ಗಿನಲ್ಲಿ ಬಿದ್ದಿತ್ತು. ಮಗ್ಗಿನ ನೀರು ಕಿಟಕಿಯಿಂದ ಚೆಲ್ಲಿದೆ."

"ಮತ್ತೆ ಒಳಗಿಂದ ಬೀಗ ಯಾಕೆ ಹಾಕ್ಕೊಂಡಿದ್ರಿ?"

"ಹಲ್ಲಿನ ಡಾಕ್ಟ್ರು ಬರ್ತಾರೆ ಅಂತ."

ಇಷ್ಟು ದೊಡ್ಡವನಾಗಿ ಹಲ್ಲಿನ ಡಾಕ್ಟರಿಗೆ ಹೆದರಿ ಬಾಗಿಲು ಹಾಕಿಕೊಳ್ಳುವವನನ್ನು ಅವಳು ಇದೇ ಮೊದಲು ನೋಡಿದ್ದು. ಮುಖಕ್ಕೆ ನಗು ಬರದಂತೆ ತಡೆಯಲು ಬಹಳ ಕಷ್ಟಪಟ್ಟಳು.

ಅವನು ಲೋಗೋ ಬರೆಯುವವನು. ಕೆಳಗಿನ ಬೀದಿಯಲ್ಲಿ ಅರ್ಧ ಅಂಗಡಿಗಳ ಗುರುತು ಅವನ ಕೈಯದೇ. ಬೀದಿಯವರು ಅವನನ್ನು 'ಲೋಗೋದವನು' ಎನ್ನುತ್ತಿದ್ದರು. ವಿಚಿತ್ರವೆಂದರೆ, ಅವನ ಬಾಗಿಲ ಪಕ್ಕದ ಬೋರ್ಡು ಮಾತ್ರ ಬೆಳ್ಳಗೆ, ಖಾಲಿ.

"ಇದೇನು, ಬರೆಯೋಕೆ ಮರೆತ್ರಾ?"

"ಆರು ವರ್ಷದಿಂದ ನೋಡ್ತಿದೀನಿ. ಎಲ್ಲರದ್ದೂ ಹೊಳೆಯುತ್ತೆ, ನಂದೊಂದು ಹೊಳೀತಿಲ್ಲ."

ಅವಳು ಹೋಗಬೇಕಿತ್ತು. ಹೋಗಲಿಲ್ಲ. ಪೆಟ್ಟಿಗೆಯ ತಳದಿಂದ ಒಂದು ನೋಟ್‌ಬುಕ್ ತೆಗೆದಳು.

"ನನಗೊಂದು ಲೋಗೋ ಬೇಕು," ಎಂದಳು, ಯಾವುದೋ ರೋಗ ಹೇಳಿಕೊಳ್ಳುವ ದನಿಯಲ್ಲಿ.

*

ಆ ಮೀಸೆಯ ವಿಷಯ ಇಲ್ಲಿ ಸ್ವಲ್ಪ ಹೇಳಲೇಬೇಕು.

ಯಾವುದೇ ಮನೆಗೆ ಬೀಗ ತೆಗೆಯಲು ಹೋದರೂ ಮೊದಲು ಮೀಸೆ ಒಳಗೆ ಹೋಗುತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ಅಪ್ಪ. ಗಾಳಿ ಜೋರಾಗಿದ್ದ ದಿನ ಅಪ್ಪ ಸೈಕಲ್ ಹತ್ತಿ ಕೂತರೆ ಸಾಕು, ಪೆಡಲ್ ತುಳಿಯುವ ಕೆಲಸವೇ ಇರಲಿಲ್ಲ. ಅಂಥ ಮೀಸೆ. ಮೂವತ್ತು ವರ್ಷದ ಹಿಂದೆ ಯಾರೋ ಅದನ್ನು ಅಂಗಡಿಯ ಬೋರ್ಡಿನ ಮೇಲೆ ಬರೆದರು. ಅಂದಿನಿಂದ ಅಂಗಡಿಗೂ ಅದೇ ಹೆಸರು, ಅಪ್ಪನಿಗೂ ಅದೇ ಹೆಸರು.

ಮತ್ತೆ ಅವಳಿಗೆ?

"ಮೀಸೆಯವರ ಮಗಳು."

ಒಂಬತ್ತನೇ ವಯಸ್ಸಿಗೆ ಮೊದಲ ಬೀಗ ತೆಗೆದಾಗಲೂ ಮೀಸೆಯವರ ಮಗಳು. ಅಪ್ಪನಿಗೆ ಕೈ ನಡುಗಲು ಶುರುವಾಗಿ ಇಡೀ ಅಂಗಡಿ ಅವಳ ಹೆಗಲಿಗೆ ಬಂದಾಗಲೂ ಮೀಸೆಯವರ ಮಗಳು. ಎಲ್ಲಿಗೆ ಹೋದರೂ ಅವಳ ಭುಜದ ಹಿಂದೆ ಇಣುಕಿ ನೋಡಿ ಒಂದೇ ಪ್ರಶ್ನೆ: "ಅಪ್ಪ ಬರಲಿಲ್ವಾ?"

ಈಗ ಅಂಗಡಿ ಸಾಲಿನ ಸಂಘದವರು ಒಂದು ತೀರ್ಮಾನ ಮಾಡಿದ್ದರು. ಹಳೆಯ ಬೋರ್ಡುಗಳೆಲ್ಲ ಇಳಿಯುತ್ತವೆ. ಎಲ್ಲರಿಗೂ ಒಂದೇ ಅಳತೆಯ ಲೋಹದ ಫಲಕ, ಅದರ ಮೇಲೆ ಅಚ್ಚು ಹೊಯ್ದ ಒಂದು ಗುರುತು. ತಿಂಗಳ ಕೊನೆಯ ದಿನ ಮಧ್ಯಾಹ್ನ ಹನ್ನೆರಡರೊಳಗೆ ಹೊಸ ಚಿತ್ರ ಕೊಟ್ಟವರಿಗೆ ಹೊಸದು. ಕೊಡದವರಿಗೆ ಹಳೆಯದೇ ಅಚ್ಚಾಗುತ್ತದೆ.

ಲೋಹದಲ್ಲಿ ಮೀಸೆ! ಅಂದರೆ ಅವಳು ಮುದುಕಿಯಾದ ಮೇಲೂ... ಮೀಸೆಯವರ ಮಗಳು!

*

ಲೋಗೋದವನು ಅವಳ ನೋಟ್‌ಬುಕ್ ತಿರುವಿ ಹಾಕಿದ. ರೆಕ್ಕೆಯಿದ್ದ ಕೀಲಿಕೈ. ಕಿರೀಟವಿದ್ದ ಕೀಲಿಕೈ. ಸುತ್ತ ಮಿಂಚು, ಬುಡದಲ್ಲಿ ಬೆಂಕಿ.

"ಇದು ನೀವಲ್ಲ," ಎಂದ. "ಇದು ಬ್ಯಾಟರಿ."

"ರೀ!"

"ಬೇಜಾರಾಗ್ಬೇಡಿ. ಜನ ತಾವು ಏನಾಗ್ಬೇಕು ಅಂತಿದಾರೋ ಅದನ್ನ ಕೇಳ್ತಾರೆ. ಏನಾಗಿದಾರೋ ಅದು ಅವರಿಗೆ ಗೊತ್ತಿರಲ್ಲ. ಹಲ್ಲಿನ ಡಾಕ್ಟ್ರು ಸಿಂಹ ಬೇಕು ಅಂತ ಹಠ ಹಿಡಿದಿದ್ರು."

"ನೀವೇನು ಬರೆದ್ರಿ?"

"ಮೊಲ. ಈಗ ರೋಗಿಗಳು ಧೈರ್ಯವಾಗಿ ಹೋಗ್ತಿದಾರೆ. ಡಾಕ್ಟ್ರು ಮಾತ್ರ ಇನ್ನೂ ನನ್ನನ್ನ ಹುಡುಕ್ತಿದಾರೆ."

ಅವಳಿಗೆ ನಗು ತಡೆಯಲಾಗಲಿಲ್ಲ.

"ನಾನು ಪ್ರಶ್ನೆ ಕೇಳಲ್ಲ," ಎಂದ ಅವನು. "ನೀವು ಕೆಲಸ ಮಾಡೋದನ್ನ ನೋಡ್ತೀನಿ, ಅಷ್ಟೇ. ಮೂರು ವಾರ ಸಾಕು."

"ನೋಡೋಕೆ ಎಲ್ಲಿಗೆ ಬರ್ತೀರಿ?"

"ನೋಡೋಣ... ಸಂದರ್ಭ ಬರುತ್ತೆ."

ಸಂದರ್ಭ ಬುಧವಾರವೇ ಬಂತು. ಫೋನು!

"ಮತ್ತೆ ಒಳಗೆ ಸಿಕ್ಕಿಹಾಕ್ಕೊಂಡಿದೀನಿ."

ಶುಕ್ರವಾರವೂ ಬಂತು. ಶನಿವಾರ ಎರಡು ಸಲ. ಮುಂದಿನ ವಾರ ಸೋಮವಾರ, ಮಂಗಳವಾರ, ಗುರುವಾರ. ಆ ಕಟ್ಟಡ ಕಟ್ಟಿದ ಮೇಲೆ ಅಷ್ಟು ಸಲ ಯಾವ ಮನುಷ್ಯನೂ ಯಾವ ಕೋಣೆಯಲ್ಲೂ ಸಿಕ್ಕಿಹಾಕಿಕೊಂಡಿರಲಿಲ್ಲ.

"ಆ ಮನುಷ್ಯನಿಗೆ ಬಾಗಿಲು ಆಗಿಬರಲ್ಲ," ಎಂದ ಅಪ್ಪ, ಮೀಸೆಗೆ ಎಣ್ಣೆ ಹಚ್ಚುತ್ತಾ. "ಪರದೆ ಹಾಕ್ಕೊಳ್ಳೋಕೆ ಹೇಳು."

"ಪಾಪ, ಬೀಗ ಹಳೇದು ಅಪ್ಪ."

"ಮೊದಲ ಸಲ ಹನ್ನೊಂದು ಸೆಕೆಂಡು ಅಂದೆ. ನಿನ್ನೆ ಹೋದವಳು ಮುಕ್ಕಾಲು ಗಂಟೆ ಬಿಟ್ಟು ಬಂದೆ. ಬೀಗ ಕೆಟ್ಟಿದೆಯೋ, ನಿನ್ನ ಕೈ ಕೆಟ್ಟಿದೆಯೋ?"

ಅವಳು ತಲೆ ಬಾಚಿಕೊಳ್ಳಲು ಹೋದಳು. ಒಂದು ಬೀಗ ನೋಡಲು ಹೋಗುವವಳು ಎರಡು ಸಲ ತಲೆ ಬಾಚಿಕೊಂಡಳು!

ಆ ಮುಕ್ಕಾಲು ಗಂಟೆಯಲ್ಲಿ ಬಾಗಿಲಿನ ಆಚೆ ಅವನು, ಈಚೆ ಅವಳು. ನಡುವೆ ಮಾತು.

"ನಿಜವಾದ ಹೆಸರು ಹೇಳಿದ್ರೆ ಯಾರಮ್ಮ ನೀನು ಅಂತಾರೆ," ಎಂದಳು ಒಂದು ದಿನ, ಸ್ಕ್ರೂ ತಿರುಗಿಸುತ್ತಾ. "ಮೀಸೆಯವರ ಮಗಳು ಅಂದ್ರೆ, ಓಹೋ, ಬಾ ಬಾ ಅಂತಾರೆ."

"ನನಗೆ ಅದೂ ಇಲ್ಲ. ಡಾಕ್ಟ್ರನ್ನ ಮೊಲ ಮಾಡಿದವನು ಅಂತಾರೆ."

"ಅಪ್ಪನ ಮೇಲೆ ಕೋಪ ಇಲ್ಲ ನನಗೆ. ಆದ್ರೆ... ಒಂದು ಸಲ, ಒಂದೇ ಒಂದು ಸಲ ಯಾರಾದ್ರೂ ನನ್ನನ್ನೇ ಹುಡುಕ್ಕೊಂಡು ಬರ್ಬೇಕು ಅನ್ಸುತ್ತೆ."

ಆಚೆ ಕಡೆ ಕಾಗದದ ಮೇಲೆ ಪೆನ್ಸಿಲ್ ಓಡುವ ಸದ್ದು ಮಾತ್ರ.

'ಏನು ಬರೀತಿದಾನೆ? ಹಂಸ ಇರಬಹುದಾ? ದೀಪ? ಹೂವು?' ಅವಳ ಮನಸ್ಸು ಒಂದೊಂದನ್ನೇ ತೆರೆದು ನೋಡಿತು. ಒಬ್ಬ ಗಂಡಸು ಮೂರು ವಾರ ಅವಳನ್ನೇ ನೋಡಿ, ಅವಳು ಏನೆಂದು ಕಂಡುಹಿಡಿಯುತ್ತಿದ್ದಾನೆ... ಹೀಗೆ ಯಾರೂ ಅವಳನ್ನು ನೋಡಿರಲಿಲ್ಲ!

*

ತಿಂಗಳ ಕೊನೆಗೆ ಇನ್ನೊಂದು ದಿನವಿದೆ ಎನ್ನುವಾಗ ಅವನೇ ಅಂಗಡಿಗೆ ಬಂದ. ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಮೂಗಿನ ಮೇಲೆ ಬಣ್ಣವಿಲ್ಲ, ತೊಳೆದುಕೊಂಡು ಬಂದಿದ್ದ.

ಅಂಗಡಿಯಲ್ಲಿ ಜನವೋ ಜನ. ಪುಸ್ತಕಗಳಿಗೆ ರಟ್ಟು ಕಟ್ಟುವವರೇ ಸಂಘದ ಕಾರ್ಯದರ್ಶಿ, ಅವರು ಎಲ್ಲರ ಚಿತ್ರ ಸೇರಿಸಿಕೊಳ್ಳುತ್ತಾ ಬಂದಿದ್ದರು. ಅವರ ಹಿಂದೆ ಚಪ್ಪಲಿ ಅಂಗಡಿಯವರು, ಕನ್ನಡಕದವರು. ಮೂಲೆಯಲ್ಲಿ ಅಪ್ಪ, ಅಂದರೆ ಮೀಸೆ.

"ಬಿಡಿಸಮ್ಮ, ನಾವೂ ನೋಡೋಣ!"

ಅವಳು ಸುರುಳಿ ಬಿಚ್ಚಿದಳು.

ಒಂದು ವೃತ್ತ. ಅದರೊಳಗೆ ನಾಲ್ಕೇ ಗೆರೆಯ ಒಂದು ಮುಖ. ತಲೆ ಓರೆ. ಒಂದು ಕಣ್ಣು ಬಿಗಿಯಾಗಿ ಮುಚ್ಚಿದೆ. ಬಾಯಿಯ ಮೂಲೆಯಿಂದ... ನಾಲಿಗೆಯ ತುದಿ ಹೊರಗೆ ಬಂದಿದೆ!

ಕನ್ನಡಕದವರು ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು.

"ಇದು ಹಲ್ಲಿನ ಡಾಕ್ಟ್ರಿಗೆ ಬರೆದದ್ದಾ?" ಎಂದರು ರಟ್ಟಿನವರು. "ಅದಲು ಬದಲಾಯ್ತೇನೋ."

ಬೀದಿಗೆ ಬೀದಿಯೇ ನಕ್ಕಿತು. ಚಪ್ಪಲಿಯವರು ನಕ್ಕ ರಭಸಕ್ಕೆ ಗೋಡೆಯ ಮೇಲಿದ್ದ ಇನ್ನೂರು ಕೀಲಿಕೈಗಳು ಗಲಗಲ ಎಂದವು.

ಅವಳ ಕಣ್ಣು ತುಂಬಿ ಬಂತು.

"ನನ್ನನ್ನ ಅಣಕಿಸೋಕೆ ಮೂರು ವಾರ ತಗೊಂಡ್ರಾ?"

"ಅಣಕ ಅಲ್ಲ. ಇದು ನೀವು..."

"ನಾನು ಹೀಗಿಲ್ಲ!"

"ಇದೀರಿ. ಬೀಗ ಕೇಳಿಸ್ಕೊಳ್ಳುವಾಗ..."

"ಸಾಕು! ನಾನು ಮನಸ್ಸಲ್ಲಿದ್ದದ್ದನ್ನೆಲ್ಲ ನಿಮ್ಮ ಹತ್ರ ಹೇಳ್ಕೊಂಡೆ. ನೀವು ಅಲ್ಲಿ ಕೂತು ಇದನ್ನ ಬರೀತಿದ್ರಾ? ಹೋಗಿ. ಇನ್ಮೇಲೆ ಸಿಕ್ಕಿಹಾಕ್ಕೊಂಡ್ರೆ ಕಿಟಕಿಯಿಂದ ಹಾರ್ಕೊಳ್ಳಿ!"

ಅವನ ಮುಖದ ಬಣ್ಣ ಇಳಿಯಿತು. ಬಾಗಿಲವರೆಗೆ ಹೋಗಿ ತಿರುಗಿದ.

"ಬೋರ್ಡಿಗೆ ಏನು ಬೇಕಾದ್ರೂ ಹಾಕ್ಕೊಳ್ಳಿ. ಇದನ್ನ ಮಾತ್ರ ಹರೀಬೇಡಿ. ನನ್ನ ಕೈಯಲ್ಲಿ ಇದಕ್ಕಿಂತ ಚೆನ್ನಾಗಿ ಯಾವತ್ತೂ ಏನೂ ಬಂದಿಲ್ಲ."

ಅವನು ಹೋದ. ಅವಳು ಕಣ್ಣೊರೆಸಿಕೊಂಡು ರಟ್ಟಿನವರಿಗೆ ಹೇಳಿದಳು, "ಮೀಸೇನೇ ಹಾಕ್ಬಿಡಿ."

"ನಾಳೆ ಮಧ್ಯಾಹ್ನದವರೆಗೆ ಟೈಮಿದೆ ಕಣಮ್ಮ," ಎಂದರು ಅವರು, ಪಾಪ, ನಕ್ಕದ್ದಕ್ಕೆ ನಾಚಿಕೊಂಡು.

ಅಪ್ಪ ನೆಲಕ್ಕೆ ಬಿದ್ದ ಕಾಗದ ಎತ್ತಿ, ಕೈ ಉದ್ದ ಚಾಚಿ ಹಿಡಿದು ನೋಡಿದ. ಮೀಸೆಯ ಒಂದು ಕೊನೆ ಮೇಲಕ್ಕೆ ಹೋಯಿತು. ಆಮೇಲೆ ಅದನ್ನು ತೆಗೆದುಕೊಂಡು ಹೋಗಿ ಅಂಗಡಿಯ ಮುಂದಿನ ಗಾಜಿಗೆ ಅಂಟಿಸಿಬಿಟ್ಟ.

"ಅಪ್ಪಾ!"

"ಗಾಜು ಒಡೆದಿದೆ. ಗಾಳಿ ಬರ್ತಿತ್ತು."

ಗಾಜು ಒಡೆದಿರಲಿಲ್ಲ.

*

ಮರುದಿನ ಬೆಳಿಗ್ಗೆ ಹತ್ತಕ್ಕೆ ಫೋನು. ಅವಳು ಓಡಿ ಹೋಗಿ ಎತ್ತಿದಳು. ಅವನಲ್ಲ. ಹಿಂದಿನ ಬೀದಿಯ ಅಜ್ಜಿ.

"ಅಲ್ಮೇರಾ ತೆಗೆಯೋಕಾಗ್ತಿಲ್ಲ, ಬೇಗ ಬಾರಮ್ಮ."

ಹೋದಳು. ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದರು. ಅವಳು ಭುಜ ಗಟ್ಟಿಮಾಡಿಕೊಂಡು 'ಅಪ್ಪ ಬರಲಿಲ್ವಾ' ಎನ್ನುವ ಪ್ರಶ್ನೆಗೆ ತಯಾರಾದಳು.

"ನೀನೇ ಬಂದೆಯಲ್ಲ, ಸದ್ಯ!" ಎಂದರು ಅಜ್ಜಿ. "ನಿಮ್ಮಪ್ಪನ್ನ ಕಳಿಸ್ತೀಯೇನೋ ಅಂತ ಹೆದರಿದ್ದೆ."

"ಏನಂದ್ರಿ?"

"ನಿನ್ನೆ ಸಂಜೆ ಗಾಜಿನ ಮೇಲೆ ಆ ಚಿತ್ರ ನೋಡಿದೆ ನೋಡು. ಏನು ಗಮನ, ಏನು ಗಮನ! ನೋಡಿದ ತಕ್ಷಣ ಅಂದ್ಕೊಂಡೆ, ನನ್ನ ಅಲ್ಮೇರಾ ತೆಗೆದ್ರೆ ಈ ಹುಡುಗೀನೇ ತೆಗೀಬೇಕು. ನಿಮ್ಮಪ್ಪ ಬಂದ್ರೆ ಮೀಸೆ ತಿರುವ್ತಾ ಕತೆ ಹೇಳ್ತಾನೆ."

ಯಾರೋ ಅವಳನ್ನೇ ಹುಡುಕಿ ಕರೆದಿದ್ದಾರೆ... ಅದೂ ಆ ಹಾಳು ಚಿತ್ರ ನೋಡಿ!

'ಅಜ್ಜಿಗೆ ಕಣ್ಣು ಸರಿ ಇಲ್ಲ,' ಎಂದುಕೊಂಡಳು.

ಅಲ್ಮೇರಾ ಹಳೆಯ ಕಾಲದ್ದು. ಬಾಗಿಲ ತುಂಬ ಕನ್ನಡಿ, ಅಂಚಿನಲ್ಲಿ ಬೀಗ. ಅವಳು ಮಂಡಿಯೂರಿ ಕಡ್ಡಿ ತೂರಿಸಿದಳು. ತಲೆ ಓರೆ ಮಾಡಿದಳು. ಒಳಗೆ ಒಂದು ಸಣ್ಣ ಸ್ಪ್ರಿಂಗು ಮಗ್ಗುಲಾಯಿತು. ಇನ್ನೊಂದು...

ಆಗ ತೆರೆದಿದ್ದ ಒಂದು ಕಣ್ಣು ಅಕಸ್ಮಾತ್ ಕನ್ನಡಿಯ ಮೇಲೆ ಬಿತ್ತು.

ಅಲ್ಲಿ ಒಬ್ಬಳಿದ್ದಳು. ತಲೆ ಓರೆ. ಒಂದು ಕಣ್ಣು ಬಿಗಿಯಾಗಿ ಮುಚ್ಚಿದೆ. ಬಾಯಿಯ ಮೂಲೆಯಲ್ಲಿ, ಸರಿಯಾಗಿ ಅಷ್ಟೇ ಉದ್ದಕ್ಕೆ, ನಾಲಿಗೆಯ ತುದಿ!

ಇಪ್ಪತ್ತು ವರ್ಷ ಬೀಗ ತೆಗೆದಿದ್ದಾಳೆ. ಆ ಮುಖವನ್ನು ಅವಳು ನೋಡಿದ್ದು ಇದೇ ಮೊದಲು.

ನಗು ಬರಲಿಲ್ಲ. ನಾಚಿಕೆಯೂ ಆಗಲಿಲ್ಲ. ಆ ಮುಖದಲ್ಲಿ ಅಪ್ಪ ಇರಲಿಲ್ಲ, ಮೀಸೆ ಇರಲಿಲ್ಲ, ಯಾರ ಮಗಳೂ ಇರಲಿಲ್ಲ. ಒಂದು ಬೀಗದ ಗುಟ್ಟನ್ನು ಮನಸಾರೆ ಕೇಳಿಸಿಕೊಳ್ಳುತ್ತಿರುವ ಒಬ್ಬಳು ಹೆಂಗಸು, ಅಷ್ಟೇ.

'ಇದನ್ನ ಅವನು ಮೂರು ವಾರ ನೋಡಿದಾನೆ... ಒಂದು ಸಲವೂ ನಗದೆ ನೋಡಿದಾನೆ!'

"ಕನ್ನಡಿ ಆಮೇಲೆ ನೋಡ್ಕೊಳ್ಳಮ್ಮ," ಎಂದರು ಅಜ್ಜಿ. "ನನ್ನ ಹಲ್ಲಿನ ಸೆಟ್ಟು ಒಳಗಿದೆ. ಬೆಳಿಗ್ಗೆಯಿಂದ ಬರೀ ಹಾಲು."

ಬಾಗಿಲು ತೆರೆಯಿತು. ಅವಳು ಅಜ್ಜಿಯ ಎರಡೂ ಕೆನ್ನೆಗೆ ಮುತ್ತು ಕೊಟ್ಟು, ಪೆಟ್ಟಿಗೆ ಅಲ್ಲೇ ಬಿಟ್ಟು, ಓಡಿದಳು.

*

ಗಾಜಿನಿಂದ ಚಿತ್ರ ಕಿತ್ತುಕೊಂಡು ರಟ್ಟಿನವರ ಮೇಜಿನ ಮೇಲೆ ಇಟ್ಟಾಗ ಹನ್ನೆರಡಕ್ಕೆ ಇನ್ನು ನಾಲ್ಕೇ ನಿಮಿಷ.

"ಇದನ್ನ ಹಾಕಿ!"

"ಇದನ್ನಾ?" ರಟ್ಟಿನವರು ಕನ್ನಡಕ ಸರಿಮಾಡಿಕೊಂಡರು. "ಅಚ್ಚಿನವರಿಗೆ ಹೇಳಿ ನಾಲಿಗೆ ಒಂಚೂರು ಒಳಗೆ ಹಾಕಿಸ್ಲಾ?"

"ಒಂದು ಕೂದಲೆಳೆಯಷ್ಟೂ ಒಳಗೆ ಹಾಕೋ ಹಾಗಿಲ್ಲ!"

ಮತ್ತೆ ಓಟ. ಮೂರು ಮಹಡಿ. ಖಾಲಿ ಬೋರ್ಡು. ಮುಚ್ಚಿದ ಬಾಗಿಲು.

ಬಡಿದಳು.

"ಡಾಕ್ಟ್ರೇ, ಮೊಲ ಅಳಿಸೋಕಾಗಲ್ಲ," ಎಂದಿತು ಒಳಗಿನ ದನಿ, ಸೋತ ದನಿ.

"ನಾನು."

ಒಳಗೆ ಕುರ್ಚಿ ಬಿದ್ದ ಸದ್ದು.

"ನಾನು ಫೋನ್ ಮಾಡಿಲ್ಲವಲ್ಲ..."

"ಗೊತ್ತು. ನಾನೇ ಬಂದೆ." ಅವಳು ಉಸಿರು ತೆಗೆದುಕೊಂಡಳು. "ನನ್ನ ಮುಖ ನೋಡಿದೆ ಇವತ್ತು. ಅಜ್ಜಿಯ ಅಲ್ಮೇರಾದಲ್ಲಿ. ನಿಮ್ಮ ಚಿತ್ರದಲ್ಲಿ ಒಂದು ಗೆರೆಯೂ ಸುಳ್ಳಿಲ್ಲ. ನನ್ನನ್ನ ಕ್ಷಮಿಸ್ತೀರಾ?"

"ಕ್ಷಮೆ ನಾನು ಕೇಳ್ಬೇಕು," ಎಂದ ಅವನು. "ಒಂದು ಸುಳ್ಳು ಹೇಳಿದೀನಿ. ಮೊದಲನೇ ಸಲ ಬಿಟ್ರೆ... ನಾನು ಯಾವತ್ತೂ ಸಿಕ್ಕಿಹಾಕ್ಕೊಂಡಿರಲಿಲ್ಲ. ಹೊಸ ಕೀಲಿಕೈ ನನ್ನ ಹತ್ರಾನೇ ಇತ್ತು."

"ಗೊತ್ತು."

"ಗೊತ್ತಾ?"

"ಎರಡನೇ ಸಲ ತೂತಿಂದ ನೋಡಿದಾಗ್ಲೇ ಎದುರು ಗೋಡೆ ಮೊಳೆಗೆ ನೇತಾಡ್ತಿತ್ತು."

ಆಚೆ ಕಡೆ ಒಬ್ಬ ಮನುಷ್ಯ ನಾಚಿಕೆಯಿಂದ ಗೋಡೆಗೆ ಹಣೆ ಚಚ್ಚಿಕೊಂಡ ಸದ್ದು ಸ್ಪಷ್ಟವಾಗಿ ಕೇಳಿಸಿತು.

"ಗೊತ್ತಿದ್ರೆ ಮತ್ತೆ ಯಾಕೆ ಬರ್ತಿದ್ರಿ? ಒಂದೊಂದು ಸಲ ಮುಕ್ಕಾಲು ಗಂಟೆ ಏನು ಮಾಡ್ತಿದ್ರಿ?"

ಅವಳು ಬಾಗಿಲಿಗೆ ಹಣೆ ಆನಿಸಿದಳು.

"ಬಿಚ್ತಿದ್ದೆ, ಮತ್ತೆ ಜೋಡಿಸ್ತಿದ್ದೆ. ಬಿಚ್ತಿದ್ದೆ, ಮತ್ತೆ ಜೋಡಿಸ್ತಿದ್ದೆ..." ದನಿ ಪಿಸುಮಾತಾಯಿತು. "ಹನ್ನೊಂದು ಸೆಕೆಂಡು ಸಾಲ್ತಿರಲಿಲ್ಲ."

ಒಳಗೆ ದಡದಡ ಹೆಜ್ಜೆ. ಮೊಳೆಯಿಂದ ಕೀಲಿಕೈ ಕಿತ್ತ ಸದ್ದು. ಬೀಗಕ್ಕೆ ಹಾಕಿದ ಸದ್ದು. ತಿರುಗಿಸಿದ ಸದ್ದು. ಮತ್ತೆ ತಿರುಗಿಸಿದ ಸದ್ದು.

ಬಾಗಿಲು ತೆರೆಯಲಿಲ್ಲ.

"ತಿರುಗ್ತಿಲ್ಲ," ಎಂದ.

"ಸುಳ್ಳು ಸಾಕು."

"ದೇವರಾಣೆಗೂ ತಿರುಗ್ತಿಲ್ಲ!"

ಅವಳು ಕಿವಿಗೊಟ್ಟಳು. ಮುಖ ಪೆಚ್ಚಾಯಿತು. ಒಳಗೆ ಒಂದು ಸ್ಪ್ರಿಂಗು ಪ್ರಾಣ ಬಿಟ್ಟಿತ್ತು. ಚೆನ್ನಾಗಿದ್ದ ಬೀಗವನ್ನು ಮೂರು ವಾರ ಸುಮ್ಮಸುಮ್ಮನೆ ಬಿಚ್ಚಿ ಜೋಡಿಸಿದರೆ ಇನ್ನೇನಾಗುತ್ತದೆ! ಊರಿನಲ್ಲೇ ಒಳ್ಳೆಯ ಬೀಗದವಳು ತನ್ನ ಕೈಯಾರೆ ಕೆಡಿಸಿದ ಮೊದಲ ಬೀಗ... ಇಷ್ಟು ಬೀಗಗಳಿರುವಾಗ ಅದು ಇದೇ ಆಗಬೇಕಿತ್ತೆ!

ಪೆಟ್ಟಿಗೆಯೂ ಇಲ್ಲ, ಅಜ್ಜಿಯ ಮನೆಯಲ್ಲಿದೆ.

ಆಗ ಮೆಟ್ಟಿಲ ತಿರುವಿನಲ್ಲಿ ಮೀಸೆ ಕಾಣಿಸಿತು. ಸ್ವಲ್ಪ ಹೊತ್ತಿಗೆ ಅಪ್ಪನೂ ಬಂದ. ಕೈಯಲ್ಲಿ ಅವಳ ಪೆಟ್ಟಿಗೆ.

"ಅಜ್ಜಿ ಕೊಟ್ಟು ಕಳಿಸಿದ್ರು," ಎಂದು ಏದುಸಿರು ಬಿಟ್ಟ. "ಕೆಳಗೆ ಒಬ್ಬ ನನ್ನನ್ನ ತಡೆದು ಏನು ಕೇಳಿದ ಗೊತ್ತಾ? 'ನೀವು ನಾಲಿಗೆಯವಳ ಅಪ್ಪ ಅಲ್ವಾ' ಅಂತ! ಮೂವತ್ತು ವರ್ಷ ಬೆಳೆಸಿದ ಮೀಸೆ ಕಣೇ... ಒಂದೇ ರಾತ್ರಿಗೆ ಕೆಲಸ ಕಳ್ಕೊಳ್ತು."

"ಅಪ್ಪ, ನಿನಗೆ ಮೊದಲೇ ಗೊತ್ತಿತ್ತಾ? ನನ್ನ ಮುಖ ಹಾಗಾಗುತ್ತೆ ಅಂತ?"

"ಒಂಬತ್ತು ವರ್ಷದವಳಿದ್ದಾಗ ಹೇಳಿದ್ದೆ. ನೀನು ಎರಡು ದಿನ ಊಟ ಬಿಟ್ಟೆ. ಆಮೇಲೆ ಹೇಳೋ ಧೈರ್ಯ ಬರಲಿಲ್ಲ." ಅಪ್ಪ ಪೆಟ್ಟಿಗೆ ಕೆಳಗಿಟ್ಟು, ಬಾಗಿಲನ್ನೂ ಮಗಳನ್ನೂ ನೋಡಿ, ಇಳಿಯತೊಡಗಿದ. ನಾಲ್ಕು ಮೆಟ್ಟಿಲು ಇಳಿದು, ತಿರುಗದೆಯೇ ಹೇಳಿದ, "ನಿಧಾನವಾಗಿ ತೆಗಿ. ನಾನು ಗಡಿಯಾರ ನೋಡಲ್ಲ."

ಅವಳು ಪೆಟ್ಟಿಗೆ ತೆರೆದಳು. ಕಡ್ಡಿ ತೆಗೆಯಲಿಲ್ಲ, ಅಳತೆ ಗುರುತಿಸುವ ಕಪ್ಪು ಪೆನ್ಸಿಲ್ ತೆಗೆದಳು. ಆರು ವರ್ಷದಿಂದ ಖಾಲಿಯಿದ್ದ ಆ ಬಿಳಿ ಬೋರ್ಡಿನ ಮೇಲೆ ಒಂದು ಬೀಗದ ತೂತು ಬರೆದಳು. ಅದರೊಳಗೆ ಒಂದು ಕಣ್ಣು. ಉದ್ದ ರೆಪ್ಪೆ.

"ಏನು ಮಾಡ್ತಿದೀರಿ ಅಲ್ಲಿ?"

"ನಿಮ್ಮ ಲೋಗೋ ಬರೀತಿದೀನಿ. ಮೊದಲ ದಿನವೇ ನೋಡಿದ್ದೆ, ಈಗ ಹೊಳೀತು."

ಬಾಗಿಲಿನ ಆಚೆಯಿಂದ ಒಂದು ಒದ್ದೆ ದನಿ, "ಅದು ನಾನಾ?"

"ಇಡೀ ಬೀದೀಲಿ ನನ್ನನ್ನ ನೋಡಿದ ಒಂದೇ ಒಂದು ಕಣ್ಣು ಅದು."

ಅವಳು ಮಂಡಿಯೂರಿ ತೂತಿಗೆ ಕಣ್ಣಿಟ್ಟಳು. ಅಲ್ಲಿ ಆ ಕಂದು ಕಣ್ಣಿತ್ತು. ಅಳಬೇಕೋ ಬೇಡವೋ ಎನ್ನುವುದು ಇಂದು ತೀರ್ಮಾನವಾಗಿತ್ತು, ರೆಪ್ಪೆ ಒದ್ದೆಯಾಗಿತ್ತು.

"ಕಣ್ಣು ಪಕ್ಕಕ್ಕಿಡು," ಎಂದಳು ಮೆಲ್ಲಗೆ. 'ನೀವು' ಯಾವಾಗ ಜಾರಿಹೋಯಿತೋ ಅವಳಿಗೇ ತಿಳಿಯಲಿಲ್ಲ. "ಕಡ್ಡಿ ಹಾಕ್ಬೇಕು."

"ಇಡ್ತೀನಿ. ಒಂದು ಮಾತು ಹೇಳು, ಎಷ್ಟು ಹೊತ್ತಾಗುತ್ತೆ?"

"ಬೀಗ ನಿಜವಾಗ್ಲೂ ಕೆಟ್ಟಿದೆ. ತುಂಬಾ ಹೊತ್ತು."

"ಒಳ್ಳೇದಾಯ್ತು."

ಪತ್ರದ ಕಿಂಡಿಯ ಮುಚ್ಚಳ ಮೆಲ್ಲಗೆ ಮೇಲೆದ್ದಿತು. ಅವಳು ತಲೆ ಓರೆ ಮಾಡಿದಳು, ಒಂದು ಕಣ್ಣು ಮುಚ್ಚಿದಳು... ತಟ್ಟನೆ ನೆನಪಾಗಿ ನಾಲಿಗೆ ಒಳಗೆಳೆದುಕೊಂಡಳು.

"ಯಾಕೆ ಒಳಗೆ ಹಾಕ್ಕೊಂಡೆ?" ಎಂದಿತು ಕಿಂಡಿ.

"ನೀನು ನೋಡ್ತಿದೀಯಲ್ಲ, ನಾಚಿಕೆ ಆಗುತ್ತೆ."

"ಇನ್ನು ಮುಂದೆ ದಿನಾ ನೋಡ್ತೀನಿ. ಬಾಗಿಲಿನ ಒಂದೇ ಕಡೆ ಕೂತು ನೋಡ್ಲಾ?"

ಅವಳು ನಾಲಿಗೆಯ ತುದಿಯನ್ನು ಮತ್ತೆ ಹೊರಗಿಟ್ಟು, ಕೆಲಸ ಶುರು ಮಾಡಿದಳು.